ಓಟಿಪಿ ಬಾಗಿಲಲ್ಲಿ ನಿಂತ ಗಡಿನಾಡ ಕನ್ನಡಿಗ

ರೈಲ್ವೆ ಇಲಾಖೆ 2025ರ ಜುಲೈ 1ರಿಂದ ತತ್ಕಾಲ್ ಟಿಕೆಟಿನ ಬಾಗಿಲಿಗೆ ಹೊಸ ಬೀಗ ಹಾಕಿತು. ಐಆರ್‌ಸಿಟಿಸಿ ತಾಣದಲ್ಲಾಗಲಿ ಆಪ್‌ನಲ್ಲಾಗಲಿ ತತ್ಕಾಲ್ ಟಿಕೆಟು ಬೇಕಾದವರು ತಮ್ಮ ಖಾತೆಯನ್ನು ಆಧಾರಿನೊಂದಿಗೆ ತಾಳೆ ಹಾಕಿಸಿಕೊಂಡಿರಬೇಕು ಎಂದಾಯಿತು. ಜುಲೈ 15ರಿಂದ ಮತ್ತೊಂದು ಮೆಟ್ಟಿಲು ಏರಿತು: ಟಿಕೆಟು ತೆಗೆಯುವ ಹೊತ್ತಿಗೆ ಆಧಾರ್ ಓಟಿಪಿ ಕೊಡಬೇಕು. ಅಕ್ಟೋಬರ್ 1ರಿಂದ ಮಾಮೂಲಿ ಮುಂಗಡ ಟಿಕೆಟಿಗೂ, ಬುಕಿಂಗ್ ತೆರೆದ ಮೊದಲ 15 ನಿಮಿಷ, ಆಧಾರ್ ತಾಳೆಯಾದ ಖಾತೆಗಳಿಗೆ ಮಾತ್ರ ಪ್ರವೇಶ ಎಂದರು. ಆಮೇಲಿನ ತಿಂಗಳುಗಳಲ್ಲಿ ಆ ಹೊತ್ತನ್ನೂ ಹಿಗ್ಗಿಸುತ್ತ ಹೋದರು. ಹಳೆಯ ಪಾಸ್‌ವರ್ಡ್ ಇದ್ದೇ ಇದೆ. ಆದರೆ ಅದೊಂದರಿಂದಲೇ ಬಾಗಿಲು ತೆರೆಯುತ್ತಿದ್ದ ಕಾಲ ಹೋಯಿತು.

ಇಲಾಖೆಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನೂ ಕಾಣದು. ತತ್ಕಾಲ್ ತೆರೆದು ಕಣ್ಣು ಮಿಟುಕಿಸುವುದರೊಳಗೆ ಟಿಕೆಟುಗಳೆಲ್ಲ ಖಾಲಿಯಾಗುತ್ತಿದ್ದುದು, ಕಳ್ಳ ಸಾಫ್ಟ್‌ವೇರ್ ಇಟ್ಟುಕೊಂಡ ದಲ್ಲಾಳಿಗಳು ಹತ್ತಾರು ಹೆಸರಿನಲ್ಲಿ ಖಾತೆ ತೆರೆದು ಬಾಚಿಕೊಳ್ಳುತ್ತಿದ್ದುದು ಸುಳ್ಳಲ್ಲ. ಸಂಶಯ ಬಂದ ಎರಡೂವರೆ ಕೋಟಿಗೂ ಹೆಚ್ಚು ಖಾತೆಗಳನ್ನು ನಿಲ್ಲಿಸಿದ್ದಾಗಿ 2025ರಲ್ಲಿ ಸರಕಾರವೇ ಸಂಸತ್ತಿಗೆ ತಿಳಿಸಿತು. ಅಧಿಕೃತ ಏಜೆಂಟರಿಗೂ ಮೊದಲ ಅರ್ಧ ಗಂಟೆ ಪ್ರವೇಶವಿಲ್ಲವೆಂದರು; ಎ.ಸಿ. ದರ್ಜೆಗೆ ಬೆಳಿಗ್ಗೆ 10ರಿಂದ 10.30, ಉಳಿದದ್ದಕ್ಕೆ 11ರಿಂದ 11.30. ಕಳ್ಳರನ್ನು ಹೊರಗಿಡಲು ಬಾಗಿಲು ಬಿಗಿ ಮಾಡಿದರು, ಸರಿ. ಬಾಗಿಲು ಬಿಗಿಯಾದಾಗ ಕಳ್ಳರ ಜತೆಗೆ ಹೊರಗುಳಿಯುವ ಸಾಚಾ ಮಂದಿ ಯಾರು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿದಂತಿಲ್ಲ. ಸೊಲ್ಲಾಪುರ, ಅಕ್ಕಲಕೋಟ, ಆದವಾನಿ, ಕಾಸರಗೋಡು, ಮಂಜೇಶ್ವರದ ನಮ್ಮ ಜನಕ್ಕೆ ದೂರದ ಊರಿಗೆ ರೈಲೇ ಆಧಾರ. ಈಗ ಆ ರೈಲಿಗೇ ಆಧಾರ್ ಬೇಕು.

ತೊಡಕು ಶುರುವಾಗುವುದು ಹೆಸರಿನಲ್ಲಿ. ಖಾತೆಯಲ್ಲಿರುವ ಹೆಸರು, ಹುಟ್ಟಿದ ತಾರೀಕು ಆಧಾರಿನಲ್ಲಿ ಇರುವುದಕ್ಕೆ ಹೊಂದಬೇಕು. ತಾಳೆ ನೋಡುವುದು ಯಂತ್ರ; "ಇವರು ನಮ್ಮೂರಿನವರೇ ಸಾರ್, ನಾನು ಬಲ್ಲೆ" ಎಂದು ಹೇಳುವ ಗುಮಾಸ್ತ ಅಲ್ಲಿಲ್ಲ. ಲತಾ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ತೆಂಕಣದ ನಾವೆಲ್ಲ ಟಿ ಅಕ್ಷರದ ಪಕ್ಕ ಎಚ್ ಸೇರಿಸುತ್ತೇವೆ, ಮಹಾರಾಷ್ಟ್ರದವರು ಸೇರಿಸುವುದಿಲ್ಲ. ವಿಜಯಪುರದಲ್ಲಿ ಓದಿ ಜತ್ತಕ್ಕೆ ಸೊಸೆಯಾಗಿ ಹೋದ ಲತಾಳ ಅಂಕಪಟ್ಟಿಯಲ್ಲಿ ಎಚ್ ಇದ್ದರೆ, ಗಂಡನ ಮನೆಯ ಕಾಗದಗಳಲ್ಲಿ ಅದು ಮಾಯವಾಗಿರುತ್ತದೆ. ಅಷ್ಟಕ್ಕೇ ಮುಗಿಯಿತೆ? ಮಹಾರಾಷ್ಟ್ರದ ಕ್ರಮದಲ್ಲಿ ಮೊದಲು ಹೆಸರು, ನಡುವೆ ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಆಂಧ್ರದಲ್ಲಿ ಮನೆತನದ ಹೆಸರು ಮುಂದೆ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಒಂದಕ್ಷರ. ನಮ್ಮಲ್ಲಂತೂ ಊರು, ಮನೆ, ಅಪ್ಪ ಎಲ್ಲ ಸೇರಿ ಎರಡು ಮೂರು ಇನಿಷಿಯಲ್. ಒಂದೇ ಮನುಷ್ಯ ಗಡಿಯ ಆಚೆ ಒಂದು ರೀತಿ, ಈಚೆ ಒಂದು ರೀತಿ ಕರೆಸಿಕೊಂಡು ಎಪ್ಪತ್ತು ವರ್ಷ ಬದುಕಿದ. ಈ ಯಂತ್ರ ಬಂದ ಮೇಲೆ ಅವನು ಇಬ್ಬರಾದ.

ಇದು ರೈಲಿನವರೊಬ್ಬರ ಕತೆಯಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಬ್ಯಾಂಕು, ಭವಿಷ್ಯನಿಧಿ, ವಿದ್ಯಾರ್ಥಿವೇತನ, ಆಸ್ಪತ್ರೆ, ಎಲ್ಲ ಕಡೆ ಲಾಗಿನ್ ಎಂಬ ಬಾಗಿಲು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತಿದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ತಾಣದ ವಿಳಾಸವನ್ನೇ ಬದಲಿಸಿಕೊಂಡವು. ಕೊನೆಯಲ್ಲಿ 'ಬ್ಯಾಂಕ್ ಡಾಟ್ ಇನ್' ಎಂದಿದ್ದರೆ ಮಾತ್ರ ಅಸಲಿ. ಮೋಸಗಾರರ ನಕಲಿ ತಾಣಗಳನ್ನು ತಡೆಯಲು ಇದು ಒಳ್ಳೆಯ ಕ್ರಮವೇ. ಆದರೆ ಹಳೆ ವಿಳಾಸಕ್ಕೆ ರೂಢಿಯಾದ ನಿವೃತ್ತ ಮಾಸ್ತರರಿಗೆ ಈ ಬದಲಾವಣೆಯೇ ಮೋಸದಂತೆ ಕಂಡರೆ ಅವರನ್ನು ದೂರುವುದು ಹೇಗೆ? "ವಿಳಾಸ ಬದಲಾಗಿದ್ರೆ ಒತ್ತಬ್ಯಾಡ್ರಿ" ಅಂತ ವರ್ಷಗಟ್ಟಲೆ ಹೇಳಿಕೊಟ್ಟವರು ಇದೇ ಬ್ಯಾಂಕಿನವರು.

ಹೆಸರಾಯಿತು, ಇನ್ನು ನಂಬರು. ಆಧಾರ್ ಓಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ. ಅದರ ಆಯುಸ್ಸು ಹತ್ತು ನಿಮಿಷ. ಆ ಮೊಬೈಲು ಯಾರ ಕೈಯಲ್ಲಿದೆ? ಮನೆಗೆ ಒಂದೇ ಫೋನು ಇದ್ದ ಕಾಲದಲ್ಲಿ ಮಗನ ನಂಬರನ್ನೇ ಎಲ್ಲರ ಆಧಾರಿಗೂ ಬರೆಸಿದ್ದಾರೆ. ಮಗ ಈಗ ಪುಣೆಯಲ್ಲಿ, ಇಲ್ಲವೇ ಕೊಲ್ಲಿ ದೇಶದಲ್ಲಿ. ಅಮ್ಮ ಮುಳ್ಳೇರಿಯಾದಲ್ಲಿ, ಓಟಿಪಿ ದುಬೈಯಲ್ಲಿ! ಬೆಳಿಗ್ಗೆ ಹತ್ತು ಗಂಟೆಗೆ ತತ್ಕಾಲ್ ತೆರೆದಾಗ ಅಲ್ಲಿ ಎಂಟೂವರೆ. ಮಗ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿರುತ್ತಾನೆ. "ಎಂತ ಮಾರಾಯ, ಬಂತಾ ನಂಬ್ರ?" ಎಂದು ಅಮ್ಮ ಕೇಳುವಷ್ಟರಲ್ಲಿ ಮಾವೇಲಿ ಎಕ್ಸ್‌ಪ್ರೆಸ್ಸಿನ ಸೀಟು ಯಾರದೋ ಪಾಲು. ತಾಳವಾಡಿಯಂಥ ಕಾಡಂಚಿನ ಊರುಗಳಲ್ಲಿ ಸಿಗ್ನಲ್ಲೇ ಒಂದು ದೈವಕೃಪೆ, ಅದರ ಮಾತು ಬೇರೆ.

ನಂಬರು ಕಳೆದುಹೋದರಂತೂ ಇನ್ನೊಂದು ಭಯ. ರೀಚಾರ್ಜ್ ಮಾಡಿಸದೆ ಬಿಟ್ಟ ನಂಬರನ್ನು ಕಂಪನಿಗಳು ನಿಲ್ಲಿಸುತ್ತವೆ, ತೊಂಬತ್ತು ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಈ ಸಂಗತಿ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. ಹಳೆ ನಂಬರಿನ ಜತೆ ತಮ್ಮ ಮಾಹಿತಿ ಪರರ ಕೈಸೇರದಂತೆ ನೋಡಿಕೊಳ್ಳಬೇಕಾದವರು ಗ್ರಾಹಕರೇ ಎಂಬ ಮಾತು ಅಲ್ಲಿ ಬಂತು. ಕಾನೂನಿನ ದೃಷ್ಟಿಗೆ ಅದು ಸರಿಯಿರಬಹುದು. ಆದರೆ ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಕರ್ನಾಟಕದ ಸಿಮ್, ಊರಿಗೆ ಮರಳಿದಾಗ ಕೇರಳದ ಸಿಮ್ ಹೀಗೆ ಎರಡೆರಡು ಇಟ್ಟುಕೊಂಡ ಗಡಿಯ ಜನರಲ್ಲಿ ಎಷ್ಟು ಮಂದಿಗೆ ಯಾವ ಖಾತೆ ಯಾವ ನಂಬರಿಗೆ ಜೋಡಿದೆ ಎಂಬ ನೆನಪಿದೆ? ಆಧಾರಿನ ನಂಬರು ಬದಲಿಸಲು ಬಹುಕಾಲ ಕೇಂದ್ರಕ್ಕೇ ಹೋಗಿ ಬೆರಳೊತ್ತಿ ಬರಬೇಕಿತ್ತು. ಮನೆಯಲ್ಲೇ ಕೂತು ಬದಲಿಸುವ ಹೊಸ ಆಪ್‌ನ ಸುದ್ದಿಯನ್ನು ಆಧಾರ್ ಪ್ರಾಧಿಕಾರ ಹೊರಡಿಸಿದ್ದು 2025ರ ನವೆಂಬರಿನಲ್ಲಿ, ಅಂದರೆ ಬಾಗಿಲಿಗೆ ಬೀಗ ಬಿದ್ದು ನಾಲ್ಕು ತಿಂಗಳ ಮೇಲೆ.

ಹಾಗಾದರೆ ಜನ ಏನು ಮಾಡುತ್ತಾರೆ? ಹೋಗುವುದು ಅಂಗಡಿಗೆ. ಕೇರಳದಲ್ಲಿ ಅಕ್ಷಯ ಕೇಂದ್ರ, ಆಂಧ್ರದಲ್ಲಿ ಮೀಸೇವಾ, ತಮಿಳುನಾಡಿನಲ್ಲಿ ಇ-ಸೇವೈ, ಮಹಾರಾಷ್ಟ್ರದಲ್ಲಿ ಆಪಲೆ ಸರಕಾರ ಸೇವಾ ಕೇಂದ್ರ. ಅದೂ ದೂರವಾದರೆ ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿ. ಅಲ್ಲಿಯ ಹುಡುಗನ ಕೈಗೆ ಆಧಾರ್ ಕಾರ್ಡು, ಫೋನು ಎರಡನ್ನೂ ಕೊಟ್ಟು, "ಏನ್ ಬರ್ತದ ನೋಡಪಾ, ನನಗ ತಿಳಿಯಂಗಿಲ್ಲ" ಎಂದು ಬೆಂಚಿನ ಮೇಲೆ ಕೂರುತ್ತಾರೆ. ಹುಡುಗ ಓಟಿಪಿ ತಾನೇ ಓದಿಕೊಳ್ಳುತ್ತಾನೆ, ಪಾಸ್‌ವರ್ಡ್ ತಾನೇ ಇಡುತ್ತಾನೆ, ಮುಂದಿನ ಸಲಕ್ಕೆ ಬೇಕಾದೀತೆಂದು ಒಂದು ನೋಟುಬುಕ್ಕಿನಲ್ಲಿ ಬರೆದೂ ಇಡುತ್ತಾನೆ. ಒಳ್ಳೆಯ ಹುಡುಗನೇ ಇರಬಹುದು. ಆದರೆ ಯಾರಿಗೂ ಹೇಳಬೇಡಿ ಎಂದು ಸಂದೇಶದ ಕೊನೆಯಲ್ಲಿ ಬರೆದಿರುವ ಗುಟ್ಟು ಇಡೀ ಊರಿನದ್ದು ಆ ನೋಟುಬುಕ್ಕಿನಲ್ಲಿದೆ. ಬಾಗಿಲಿಗೆ ಇನ್ನೊಂದು ಬೀಗ ಬಿದ್ದಷ್ಟೂ ಆ ಪುಸ್ತಕ ದಪ್ಪವಾಗುತ್ತದೆ. ದಲ್ಲಾಳಿಯನ್ನು ಮುಂಬಾಗಿಲಿಂದ ಅಟ್ಟಿದ ಇಲಾಖೆ ಹಿತ್ತಿಲ ಬಾಗಿಲಲ್ಲಿ ಇನ್ನೊಬ್ಬನನ್ನು ಕೂರಿಸಿತು ಎಂದರೆ ಹೆಚ್ಚಾಗಲಾರದು. ಖಾಸಗಿತನದ ಚರ್ಚೆ ನಡೆಸುವ ದೊಡ್ಡವರು ಹ್ಯಾಕರುಗಳ ಮಾತಾಡುತ್ತಾರೆ, ಈ ನೋಟುಬುಕ್ಕಿನ ಮಾತಾಡುವುದಿಲ್ಲ.

ಇನ್ನು ದೊಡ್ಡ ಮನೆಯವರಾದರೂ ನಮ್ಮ ಮಾಹಿತಿಯನ್ನು ಹೇಗೆ ಕಂಡಿದ್ದಾರೆ? 2022ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಒಂದು ಟೆಂಡರ್ ಕರೆಯಿತು. ಪ್ರಯಾಣಿಕರ ಮಾಹಿತಿಯಿಂದ ಹಣ ಮಾಡುವ ದಾರಿ ತೋರಿಸಲು ಸಲಹೆಗಾರರು ಬೇಕು ಎಂಬುದು ಅದರ ತಿರುಳು. ಗಲಾಟೆಯಾಯಿತು. ಸಂಸತ್ತಿನ ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿ ಕರೆದು ಕೇಳಿದಾಗ ಟೆಂಡರು ವಾಪಸಾಯಿತು. ಮಾಹಿತಿ ರಕ್ಷಣೆಯ ಕಾಯ್ದೆ ಇನ್ನೂ ಆಗಿಲ್ಲವಲ್ಲ ಎಂಬುದು ಹಿಂತೆಗೆತಕ್ಕೆ ಕೊಟ್ಟ ಕಾರಣ. ಜನರ ಒಪ್ಪಿಗೆ ಕೇಳಿರಲಿಲ್ಲ ಎಂಬುದಲ್ಲ! ಅದೇ ಸಂಸ್ಥೆ ಮೂರು ವರ್ಷದ ಮೇಲೆ ಆಧಾರ್ ತಾಳೆ ಹಾಕಿಸಿ ಎಂದಾಗ ಜನ ಹುಬ್ಬೇರಿಸಿದ್ದರೆ ಅದನ್ನು ಬರಿಯ ಸಂಶಯಬುದ್ಧಿ ಎನ್ನಲಾಗದು.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಕೊಟ್ಟದ್ದು ಒಬ್ಬ ಕನ್ನಡಿಗರ ಅರ್ಜಿಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದೇ ಮೊಕದ್ದಮೆಯ 2018ರ ಸೆಪ್ಟೆಂಬರ್ 26ರ ತೀರ್ಪು ಸರಕಾರದ ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು, ಬ್ಯಾಂಕ್ ಖಾತೆಗೂ ಸಿಮ್‌ಗೂ ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ಆ ಮೇಲೆ 'ಕಡ್ಡಾಯ' ಎಂಬ ಶಬ್ದ ಸರಕಾರಿ ಕಾಗದಗಳಿಂದ ಮೆಲ್ಲಗೆ ಜಾರಿ, 'ಸ್ವಇಚ್ಛೆ' ಬಂತು. 2025ರ ಜನವರಿ 31ರ ನಿಯಮಗಳಲ್ಲಂತೂ ಅನುಮತಿ ಪಡೆದ ಖಾಸಗಿಯವರಿಗೂ ಆಧಾರ್ ತಾಳೆಯ ದಾರಿ ತೆರೆಯಿತು. ರೈಲಿನ ವಿಷಯದಲ್ಲೂ ಅಷ್ಟೆ, ಆಧಾರ್ ಇಲ್ಲದವರು ಸ್ಟೇಷನ್ನಿನ ಕೌಂಟರಿಗೆ ಹೋಗಬಹುದು. ಅಲ್ಲಿಯೂ ತತ್ಕಾಲಿಗೆ ಫೋನಿಗೆ ಬಂದ ಓಟಿಪಿ ಹೇಳಬೇಕೆಂದು ಪ್ರಕಟಿಸಿದ್ದಾರೆ, ಅದಿರಲಿ. ಕಡ್ಡಾಯವಿಲ್ಲ, ಆದರೆ ಬೇರೆ ಬಾಗಿಲು ಕಿರಿದು. ಇದನ್ನು ಇಚ್ಛೆ ಎನ್ನುವುದಾದರೆ ಇಚ್ಛೆ.

ಖಾಸಗಿಯವರು ಇದನ್ನು ಮೊದಲೇ ಕಲಿತಿದ್ದರು. 2021ರ ಜನವರಿಯಲ್ಲಿ ವಾಟ್ಸ್‌ಆಪ್ ತೆರೆದವರಿಗೆಲ್ಲ ಹೊಸ ಷರತ್ತುಗಳ ಒಂದು ಪರದೆ ಎದುರಾದದ್ದು ನೆನಪಿರಬಹುದು: ಮಾತೃಸಂಸ್ಥೆಯೊಂದಿಗೆ ಮಾಹಿತಿ ಹಂಚಿಕೊಳ್ಳುತ್ತೇವೆ, ಒಪ್ಪಿ. ಗಡುವು ಫೆಬ್ರವರಿ 8 ಎಂದಿದ್ದುದು ಜನ ಸಿಗ್ನಲ್, ಟೆಲಿಗ್ರಾಂ ಕಡೆ ಗುಳೆ ಹೊರಟಾಗ ಮೇ 15ಕ್ಕೆ ಹೋಯಿತು. ಒಪ್ಪು, ಇಲ್ಲವೇ ಎದ್ದು ಹೋಗು ಎಂಬ ಈ ಧೋರಣೆ ಸರಿಯಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್ 18ರಂದು ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜಾಹೀರಾತಿಗಾಗಿ ಮಾಹಿತಿ ಹಂಚಿಕೆಗೆ ಐದು ವರ್ಷ ತಡೆಯನ್ನೂ ಹೇಳಿತ್ತು. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರಿನಲ್ಲಿ ದಂಡ ಉಳಿಸಿ ಆ ತಡೆಯನ್ನು ತೆಗೆದುಹಾಕಿತು. ಇತ್ತ ನಮ್ಮವರು ಗುಳೆ ಹೋದವರೂ ಮೂರೇ ತಿಂಗಳಲ್ಲಿ ವಾಪಸು. ಊರ ಸಂಘ, ಮದುವೆ ಮನೆ, ಹಾಲಿನ ಡೈರಿ ಎಲ್ಲ ಅಲ್ಲೇ ಇರುವಾಗ ಹೋಗುವುದೆಲ್ಲಿಗೆ?

ಈಗ ಅಸಲು ವಿಷಯ. ಒಪ್ಪಿದೆ ಎಂದು ಒತ್ತಿದ ಆ ಪರದೆಯನ್ನು ಎಷ್ಟು ಜನ ಓದಿದರು, ಯಾವ ಭಾಷೆಯಲ್ಲಿ ಓದಿದರು? ಐಆರ್‌ಸಿಟಿಸಿ ತಾಣಕ್ಕೆ ಹೋದರೆ ಇಂಗ್ಲಿಷು, ಹಿಂದಿ. ಫೋನ್ ಕಂಪನಿಯ ಸಹಾಯವಾಣಿ ಸಿಮ್ ಯಾವ ರಾಜ್ಯದ್ದೋ ಆ ಭಾಷೆಯಲ್ಲಿ ಮಾತಾಡುತ್ತದೆ. ಕೇರಳದ ಸಿಮ್ ಇದ್ದರೆ ಮಲಯಾಳಂ, ಮಹಾರಾಷ್ಟ್ರದ್ದಾದರೆ ಮರಾಠಿ. ನಾಲ್ಕೂ ಕಡೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಜನ ಅರ್ಥವಾಗದ್ದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ, ಹೆಬ್ಬೆಟ್ಟಿನ ಮಸಿ ಮಾತ್ರ ಕಾಣುವುದಿಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ಇದುವರೆಗೆ ಇದ್ದ ರಕ್ಷಣೆಯೆಲ್ಲ ತಲೆ ಎಣಿಕೆಯ ಮೇಲೆ ನಿಂತದ್ದು. ತರಗತಿಗೆ ಹತ್ತು, ಶಾಲೆಗೆ ನಲವತ್ತು ಮಕ್ಕಳಿದ್ದರೆ ಮಾತೃಭಾಷೆಯ ಮೇಷ್ಟ್ರು. ಜನಸಂಖ್ಯೆಯ ಶೇ. 15 ಮುಟ್ಟಿದರೆ ಸರಕಾರಿ ಪ್ರಕಟಣೆಗಳು ಆ ಭಾಷೆಯಲ್ಲಿ. ಒಂದೊಂದು ಜನಗಣತಿಗೂ ನಮ್ಮ ಹಿರಿಯರು ಎದೆ ಬಡಿದುಕೊಂಡದ್ದು ಇದಕ್ಕೇ. ಎಣಿಸುವವನು ಮನೆಮಾತಿನ ಕಾಲಮ್ಮಿನಲ್ಲಿ ಏನು ಬರೆದ ಎಂಬುದರ ಮೇಲೆ ಶಾಲೆಯ ಹಣೆಬರಹ. ಮಹಾಜನ ವರದಿಯ ಬಗ್ಗೆ ಇಲ್ಲಿ ಮತ್ತೆ ಬರೆಯುವುದಿಲ್ಲ, ಓದುಗರಿಗೆ ಅದು ಬಾಯಿಪಾಠ.

ಆದರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ, ಸದ್ದಿಲ್ಲದೆ, ಬೇರೆಯೇ ಒಂದು ಮಾತು ಬಂದು ಕೂತಿದೆ. ಮಾಹಿತಿ ಪಡೆಯುವ ಸಂಸ್ಥೆ ಜನರಿಗೆ ಕೊಡುವ ನೋಟೀಸನ್ನು, ಕೇಳುವ ಒಪ್ಪಿಗೆಯನ್ನು, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತವೆ ಅದರ 5 ಮತ್ತು 6ನೆಯ ಕಲಮುಗಳು. ಆ ಪಟ್ಟಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯದಲ್ಲಿದ್ದೀರಿ ಎಂದು ಕಾಯ್ದೆ ಕೇಳುವುದಿಲ್ಲ. ಶೇಕಡಾ ಎಷ್ಟು ಎಂದೂ ಕೇಳುವುದಿಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ಒಬ್ಬನೇ ಕನ್ನಡಿಗ ಇದ್ದರೂ ಅವನಿಗೆ ಆ ಆಯ್ಕೆ ಇದೆ. ಇಷ್ಟು ವರ್ಷ ಹೋರಾಡಿ ಸಿಗದ್ದು ಹೀಗೆ ಹೋಗುವ ದಾರಿಯಲ್ಲಿ ಸಿಕ್ಕಿದೆ, ನಮ್ಮ ಸಂಘಟನೆಗಳ ಠರಾವುಗಳಲ್ಲಿ ಮಾತ್ರ ಇದರ ಸುಳಿವು ಕಾಣುತ್ತಿಲ್ಲ.

ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ, ಅಂದರೆ 2027ರ ಮೇ. ಯಾವ ಯಾವ ಮಾಹಿತಿ, ಯಾಕಾಗಿ ಎಂಬುದನ್ನು ಸರಳ ಮಾತಿನಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಹಿಂತೆಗೆದುಕೊಳ್ಳಲು ದಾರಿ ಇರಬೇಕು. ಹಿಂದೆ ಒತ್ತಿದ ಹಳೆಯ ಒಪ್ಪಿಗೆಗಳಿಗೂ ಸಾಧ್ಯವಾದಷ್ಟು ಬೇಗ ನೋಟೀಸು ಕೊಡಬೇಕೆಂದಿರುವುದು ಇನ್ನೂ ದೊಡ್ಡದು. ನಾವು ಓದದೆ ಒತ್ತಿದ್ದೆಲ್ಲ ಇನ್ನೊಮ್ಮೆ, ಬೇಕೆಂದರೆ ಕನ್ನಡದಲ್ಲಿ, ಎದುರು ಬರಬೇಕು. ತಪ್ಪಿದವರಿಗೆ ದಂಡ 250 ಕೋಟಿಯವರೆಗೂ ಹೋಗಬಹುದು. (ಸುಳ್ಳು ದೂರು ಕೊಟ್ಟ ಬಡವನಿಗೂ ಹತ್ತು ಸಾವಿರದವರೆಗೆ ದಂಡ ಇಟ್ಟಿದ್ದಾರೆ, ನಮ್ಮ ಕಾಯ್ದೆಗಳ ಸಮಾನತೆ ಅದು.)

ತೂತುಗಳಿಲ್ಲವೇ? ಇವೆ, ದೊಡ್ಡವೇ. ಭಾಷೆಯ ಹಕ್ಕು ಅಂಟಿಕೊಂಡಿರುವುದು ಒಪ್ಪಿಗೆಗೆ. ಒಪ್ಪಿಗೆಯೇ ಬೇಡದ ಕಡೆ ಭಾಷೆಯೂ ಇಲ್ಲ. ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ, ಪರವಾನಗಿ ಕೊಡುವಾಗ ಸರಕಾರ ಹಲವು ಸಂದರ್ಭಗಳಲ್ಲಿ ಒಪ್ಪಿಗೆ ಕೇಳದೆ ಮಾಹಿತಿ ಬಳಸಬಹುದು ಎಂದು 7ನೆಯ ಕಲಮು ಹೇಳುತ್ತದೆ. ಹಾಗಾಗಿ ವಿಧವಾ ವೇತನದ ಲಾಗಿನ್ ಪುಟ ಮಡಕಶಿರಾದಲ್ಲಿ ತೆಲುಗಿನಲ್ಲೇ ಉಳಿದರೆ ಈ ಕಾಯ್ದೆ ಹಿಡಿದು ಪ್ರಶ್ನಿಸುವುದು ಕಷ್ಟ. ಸಿಗುವುದೂ ನೋಟೀಸಿನ ಕನ್ನಡ. ಇಡೀ ಆಪ್ ಕನ್ನಡವಾಗಬೇಕೆಂದು ಅದರಲ್ಲಿಲ್ಲ. ಮೇಲೆ ಹೇಳಿದ ಹೆಸರಿನ ತೊಡಕಿಗೂ ಇಲ್ಲಿ ಮದ್ದಿಲ್ಲ, ತಪ್ಪು ಮಾಹಿತಿ ತಿದ್ದಿಸಿಕೊಳ್ಳುವ ಹಕ್ಕೊಂದು ಬಿಟ್ಟರೆ.

ಇನ್ನೊಂದು ಅಪಾಯ ಕನ್ನಡದ್ದೇ. ಕಂಪನಿಗಳು ಇಪ್ಪತ್ತೆರಡು ಭಾಷೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಖಂಡಿತ; ಕೇಂದ್ರ ಸರಕಾರದ ಭಾಷಿಣಿಯೂ 2022ರಿಂದ ಇದೆ. ಬ್ಯಾಂಕುಗಳ ಆಪ್‌ನಲ್ಲಿ ಈಗಾಗಲೇ ಕಾಣುವ ಕನ್ನಡ ನೋಡಿದರೆ ಇಂಗ್ಲಿಷೇ ವಾಸಿ ಅನ್ನಿಸುವುದುಂಟು. 'ದತ್ತಾಂಶ ನ್ಯಾಸಧಾರಿ' ಎಂದು ಬರೆದರೆ ಅಕ್ಕಲಕೋಟದ ಅಜ್ಜಿಗೆ ಅದು ಇಂಗ್ಲಿಷಿಗಿಂತ ಹತ್ತಿರವಾಯಿತೆ? 'ನಿಮ್ಮ ಮಾಹಿತಿ ಇಟ್ಟುಕೊಂಡ ಕಂಪನಿ' ಎಂದರೆ ಸಾಕು. ಇಂಥ ಐವತ್ತು ಅರವತ್ತು ಮಾತುಗಳಿಗೆ ತಿಳಿಗನ್ನಡದ ಒಂದು ಪಟ್ಟಿ ಮಾಡಿ ಕಂಪನಿಗಳ ಮುಂದಿಡುವುದು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಆಗದ ಕೆಲಸವೇನಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕಟ್ಟಡಕ್ಕೂ ಕಾರ್ಯಕ್ರಮಕ್ಕೂ ಹಣ ಕೊಡುತ್ತದೆ, ಕೊಡಲಿ. ಕನ್ನಡ ಶಾಲೆಯ ಕಟ್ಟಡದಲ್ಲೇ ವಾರಕ್ಕೊಂದು ದಿನ ಕೂತು ಲಾಗಿನ್, ಓಟಿಪಿ, ಹೆಸರು ತಿದ್ದುಪಡಿಗೆ ನೆರವಾಗುವ ಒಬ್ಬ ತಿಳಿದವನನ್ನೂ ಕೊಟ್ಟರೆ ಝೆರಾಕ್ಸ್ ಅಂಗಡಿಯ ನೋಟುಬುಕ್ಕು ತುಸು ತೆಳ್ಳಗಾದೀತು.

ಗಡುವು ಬರುವ ತನಕ ಕಾಯಬೇಕಿಲ್ಲ. ಸೊಲ್ಲಾಪುರದ ಸಹಕಾರಿ ಬ್ಯಾಂಕು, ಕಾಸರಗೋಡಿನ ಖಾಸಗಿ ಆಸ್ಪತ್ರೆ, ಮಕ್ಕಳ ಶುಲ್ಕಕ್ಕೆ ಆಪ್ ಇಟ್ಟುಕೊಂಡ ಶಾಲೆ ಇವರೆಲ್ಲರೂ ಈ ಕಾಯ್ದೆಯೊಳಗೆ ಬರುವವರೇ. ನಿಮ್ಮ ಒಪ್ಪಿಗೆ ಪತ್ರ ಕನ್ನಡದಲ್ಲಿ ಯಾವಾಗ ಸಿದ್ಧವಾಗುತ್ತದೆ ಎಂದು ಈಗಲೇ ಒಂದು ಕಾಗದ ಬರೆದು ಕೇಳಬಹುದು. 2027ರ ಮೇ ಕಳೆದ ಮೇಲೆ ಕ್ರಮ ಹೀಗೆ: ಮೊದಲು ಕಂಪನಿಗೇ ದೂರು, ಉತ್ತರಿಸಲು ಅವರಿಗೆ ಹೆಚ್ಚೆಂದರೆ ತೊಂಬತ್ತು ದಿನ, ಅಲ್ಲೂ ಬಗೆಹರಿಯದಿದ್ದರೆ ಮಾಹಿತಿ ರಕ್ಷಣಾ ಮಂಡಳಿ. ಈ ಮಂಡಳಿ ಡಿಜಿಟಲ್ ಕಚೇರಿ. ದೂರು ಕೊಡುವುದು, ವಿಚಾರಣೆ ನಡೆಯುವುದು ಎಲ್ಲ ಆನ್‌ಲೈನಿನಲ್ಲೇ. ಅದರ ಪುಟ ಯಾವ ಭಾಷೆಯಲ್ಲಿ ತೆರೆದುಕೊಳ್ಳಬೇಕೆಂದು ಕಾಯ್ದೆಯಲ್ಲಿ ಬರೆದಿಲ್ಲ.